ನಡುಗುವ ಕೈಯನ್ನು ದೂರವಿಡಬೇಡಿ: ಪಾರ್ಕಿನ್ಸನ್ ಮತ್ತು ವೈರಾಣು

(ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಆರೋಗ್ಯ ಮಾಹಿತಿ ಸಭೆಯೊಂದರಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ತಿಂಗಳ ಹಿಂದೆ ಸುಮಾರು ಎಪ್ಪತ್ತು ವರ್ಷ ಪ್ರಾಯದ ಹಿರಿಯರೊಬ್ಬರು ಮಗನೊಂದಿಗೆ ನನ್ನ ಬಳಿಗೆ ಬಂದಿದ್ದರು. ಆರು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ರೋಗವಿದೆ. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ, ಧ್ವನಿ ಕುಗ್ಗಿದೆ. ಪರೀಕ್ಷೆ ಮುಗಿದು ಮಗ ಔಷಧ ತರಲೆಂದು ಹೊರಗೆ ಹೋದಾಗ ಅವರು ನನ್ನತ್ತ ಬಾಗಿ ಕೇಳಿದರು: "ಡಾಕ್ಟರೇ, ಇದು ಅಂಟುವ ರೋಗವೇ? ಮೊಬೈಲಿನಲ್ಲಿ ಹಾಗೆ ಬಂದಿದೆಯಂತೆ. ಎರಡು ವಾರಗಳಿಂದ ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಮೊಮ್ಮಗನನ್ನು ನನ್ನ ಮಡಿಲಿಗೆ ಬಿಡುವುದಿಲ್ಲ."

ಆ ಮಗನನ್ನು ನಾನು ಕ್ರೂರಿಯೆಂದು ಭಾವಿಸಲಿಲ್ಲ. ತಂದೆಯನ್ನು ಆರು ವರ್ಷಗಳಿಂದ ಕೈಹಿಡಿದು ಆಸ್ಪತ್ರೆಗೆ ಕರೆತರುತ್ತಿದ್ದವನು ಆತನೇ. ತನ್ನ ಪುಟ್ಟ ಮಗುವಿನ ಬಗ್ಗೆ ಆತ ಹೆದರಿದ್ದ. 'ಪಾರ್ಕಿನ್ಸನ್ ರೋಗಕ್ಕೆ ವೈರಸ್ ಕಾರಣ' ಎಂಬ ಒಂದು ಸಾಲಿನ ಸುದ್ದಿ ಆತನಿಗೆ ತಲುಪಿತ್ತು. ಅದರ ಹಿಂದಿನ ಸಂಶೋಧನೆ ತಲುಪಿರಲಿಲ್ಲ. ವೈರಸ್ ಎಂದಾಕ್ಷಣ ನಮಗೆಲ್ಲ 2020 ಮತ್ತು 2021ರ ಆ ದಿನಗಳು ನೆನಪಾಗುತ್ತವೆ. ಮುಟ್ಟಿದರೆ ಅಂಟುತ್ತದೆ, ಉಸಿರಾಡಿದರೆ ಹರಡುತ್ತದೆ ಎಂಬ ಭಯ ಮನೆಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆದ್ದರಿಂದ ಆ ಹಿರಿಯರ ಪ್ರಶ್ನೆಗೆ ಇಂದು ನಿಮ್ಮೆಲ್ಲರ ಮುಂದೆ ವಿವರವಾಗಿ ಉತ್ತರಿಸಬೇಕೆಂದು ನಾನು ಬಯಸುತ್ತೇನೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಕೈಕಾಲು ನಡುಗುವ ಈ ಕಾಯಿಲೆ ಮಾನವ ಕುಲಕ್ಕೆ ಹೊಸತೇನೂ ಅಲ್ಲ. ನಮ್ಮ ನಾಡಿನ ಆಯುರ್ವೇದ ವೈದ್ಯರು ಇದನ್ನು ಕಂಪವಾತ ಎಂದರು. ಹನ್ನೊಂದನೆಯ ಶತಮಾನದಲ್ಲಿ ಇಬ್ನು ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನಡುಕದ ಕುರಿತು ಪ್ರತ್ಯೇಕವಾಗಿ ಚರ್ಚಿಸಿದರು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಲಕ್ಷಣಗಳನ್ನು ದಾಖಲಿಸಿ ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದರು. ಮುಂದೆ ರೋಗಕ್ಕೆ ಅವರ ಹೆಸರೇ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು.

ನಮ್ಮ ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಭಾಗವಿದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ನಾವು ಸರಾಗವಾಗಿ ನಡೆಯಲು, ಗುಂಡಿ ಹಾಕಿಕೊಳ್ಳಲು, ಸಹಿ ಮಾಡಲು ಇದು ಅಗತ್ಯ. ಈ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗಿ ಸುಮಾರು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ನಾಶವಾದ ಬಳಿಕವಷ್ಟೇ ಕೈ ನಡುಗಲು ಆರಂಭಿಸುತ್ತದೆ. ಅಂದರೆ ನಡುಕ ಕಾಣಿಸಿಕೊಂಡ ದಿನ ರೋಗದ ಮೊದಲ ದಿನವಲ್ಲ. ಅದು ವರ್ಷಗಳ ಹಿಂದೆಯೇ ಸದ್ದಿಲ್ಲದೆ ಮೊದಲಾಗಿರುತ್ತದೆ. ಆದ್ದರಿಂದಲೇ ಕಾರಣವನ್ನು ಹುಡುಕುವುದು ಇಷ್ಟು ಕಷ್ಟ. ಕಳ್ಳ ಬಂದು ಹೋಗಿ ಇಪ್ಪತ್ತು ವರ್ಷಗಳಾದ ಮೇಲೆ ಮನೆಯಲ್ಲಿ ಹೆಜ್ಜೆ ಗುರುತು ಹುಡುಕಿದಂತೆ!

ಹಾಗಾದರೆ ವೈರಾಣುವಿನ ಮೇಲೆ ಸಂಶಯ ಬಂದದ್ದು ಹೇಗೆ? ಇದಕ್ಕಾಗಿ ನಾವು ನೂರು ವರ್ಷ ಹಿಂದಕ್ಕೆ ಹೋಗಬೇಕು. 1917ರಲ್ಲಿ ವಿಯೆನ್ನಾ ನಗರದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಇಕಾನೊಮೊ ವಿಚಿತ್ರವಾದ ಮೆದುಳಿನ ಉರಿಯೂತವೊಂದನ್ನು ವರ್ಣಿಸಿದರು. ರೋಗಿಗಳು ಊಟ ಮಾಡುತ್ತಿರುವಾಗಲೇ ನಿದ್ದೆಗೆ ಜಾರುತ್ತಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಈ ನಿದ್ರಾ ಕಾಯಿಲೆ ಜಗತ್ತಿನ ಹಲವೆಡೆ ಲಕ್ಷಾಂತರ ಜನರನ್ನು ಬಾಧಿಸಿ, ಬಂದಂತೆಯೇ ಮರೆಯಾಯಿತು. ಬದುಕುಳಿದವರಲ್ಲಿ ಅನೇಕರು ತಿಂಗಳುಗಳ ಅಥವಾ ವರ್ಷಗಳ ಬಳಿಕ ಪಾರ್ಕಿನ್ಸನ್ ರೋಗಿಗಳಂತೆ ಸೆಟೆದು ನಿಂತರು. ಅಂಥವರಲ್ಲಿ ಕೆಲವರು ದಶಕಗಳ ಕಾಲ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಕಲ್ಲಿನಂತೆ ಕುಳಿತಿದ್ದರು. 1969ರಲ್ಲಿ ಡಾ. ಆಲಿವರ್ ಸ್ಯಾಕ್ಸ್ ಅವರಿಗೆ ಎಲ್‌ಡೋಪಾ ಔಷಧ ನೀಡಿದಾಗ ಕೆಲವು ಕಾಲದ ಮಟ್ಟಿಗೆ ಅವರು ಎದ್ದು ಮಾತನಾಡಿದ ಘಟನೆ ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಅದೇ ಕಾಲದಲ್ಲಿ, ಅಂದರೆ 1918ರಲ್ಲಿ, ಭೀಕರ ಇನ್‌ಫ್ಲುಯೆಂಜಾ ಜ್ವರವೂ ಹರಡಿತ್ತು. ಎರಡಕ್ಕೂ ಸಂಬಂಧವಿರಬಹುದೆಂದು ಅನೇಕರು ನಂಬಿದರು. ಆದರೆ ಜೋಪಾನವಾಗಿ ಕಾದಿರಿಸಿದ್ದ ಅಂದಿನ ರೋಗಿಗಳ ಮೆದುಳಿನ ಅಂಗಾಂಶಗಳನ್ನು ಆಧುನಿಕ ವಿಧಾನಗಳಿಂದ ಪರೀಕ್ಷಿಸಿದಾಗ ಇನ್‌ಫ್ಲುಯೆಂಜಾ ವೈರಾಣುವಿನ ಕುರುಹು ಸಿಗಲಿಲ್ಲ. ಆ ನಿದ್ರಾ ಕಾಯಿಲೆಯ ನಿಜವಾದ ಕಾರಣ ಇಂದಿಗೂ ಒಗಟಾಗಿಯೇ ಉಳಿದಿದೆ.

ಇಲ್ಲಿ ನಮಗೆ ಪಾಠವಾಗಬಲ್ಲ ಒಂದು ಪ್ರಸಂಗವನ್ನು ಹೇಳಲೇಬೇಕು. 1961ರಲ್ಲಿ ಬೋಸ್ಟನ್ನಿನ ಪೊಸ್ಕಾಂಜರ್ ಮತ್ತು ಶ್ವಾಬ್ ಎಂಬ ಇಬ್ಬರು ತಜ್ಞರು ಒಂದು ಭವಿಷ್ಯ ನುಡಿದರು. ಪಾರ್ಕಿನ್ಸನ್ ರೋಗಿಗಳಲ್ಲಿ ಹೆಚ್ಚಿನವರು ಆ ಹಳೆಯ ಸಾಂಕ್ರಾಮಿಕದ ಶೇಷವೇ ಆಗಿದ್ದಾರೆ, ಆ ತಲೆಮಾರು ಗತಿಸಿದೊಡನೆ, ಅಂದರೆ 1980ರ ಹೊತ್ತಿಗೆ, ಈ ರೋಗ ಬಹುಮಟ್ಟಿಗೆ ಕಣ್ಮರೆಯಾಗುತ್ತದೆ ಎಂದರು. 1980 ಬಂತು, ಹೋಯಿತು. ರೋಗ ಹೋಗಲಿಲ್ಲ. ಅದು ಮತ್ತಷ್ಟು ಹೆಚ್ಚಿತು. ದೊಡ್ಡ ವಿದ್ವಾಂಸರು ಕೂಡ ಎರಡು ಸಂಗತಿಗಳು ಜೊತೆಯಾಗಿ ಕಂಡಾಗ ಒಂದನ್ನು ಇನ್ನೊಂದರ ಕಾರಣವೆಂದು ಭಾವಿಸಿ ಎಡವಬಲ್ಲರು ಎಂಬುದಕ್ಕೆ ಇದು ಉದಾಹರಣೆ.

ಅದೇ ಶ್ವಾಬ್ ಅವರ ಬಳಿಗೆ 1968ರಲ್ಲಿ ಓರ್ವ ಪಾರ್ಕಿನ್ಸನ್ ರೋಗಿ ಮಹಿಳೆ ಬಂದು, ಫ್ಲೂ ಜ್ವರ ತಡೆಯಲೆಂದು ತಾನು ನುಂಗಿದ ಅಮಾಂಟಡಿನ್ ಮಾತ್ರೆಯಿಂದ ಕೈಕಾಲಿನ ಬಿಗಿತ, ನಡುಕ ಕಡಿಮೆಯಾಯಿತೆಂದು ತಿಳಿಸಿದರು. ಶ್ವಾಬ್ ಅದನ್ನು ಪರೀಕ್ಷಿಸಿ ಮರುವರ್ಷ ಪ್ರಕಟಿಸಿದರು. ಇಂದಿಗೂ ನಾವು ಆ ಮಾತ್ರೆಯನ್ನು ಬರೆಯುತ್ತೇವೆ. ವೈರಾಣುವಿನ ಔಷಧ ಕೆಲಸ ಮಾಡಿತೆಂದ ಮೇಲೆ ರೋಗಕ್ಕೆ ವೈರಾಣುವೇ ಕಾರಣವೆಂದು ಹೇಳಿಬಿಡಬಹುದಲ್ಲವೇ? ಇಲ್ಲ. ಆ ಔಷಧ ಇಲ್ಲಿ ಕೆಲಸ ಮಾಡುವುದು ಮೆದುಳಿನ ರಾಸಾಯನಿಕ ಸಂದೇಶಗಳ ಮೇಲೆ. ವೈರಾಣುವನ್ನು ಕೊಲ್ಲುವ ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಹೋದರರೇ, ಇಷ್ಟು ಹೇಳಿದ ಮಾತ್ರಕ್ಕೆ ವೈರಾಣು ನಿರಪರಾಧಿ ಎಂದರ್ಥವಲ್ಲ. ವೈರಾಣುಗಳು ಮೆದುಳಿನ ಅದೇ ಕಪ್ಪು ಭಾಗವನ್ನು ಕೆಡಿಸಬಲ್ಲವು ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆಯಿದೆ. ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ನಾವು ಮೆದುಳು ಜ್ವರ ಎನ್ನುವ ಕಾಯಿಲೆ, 1955ರಲ್ಲಿ ವೆಲ್ಲೂರು ಪರಿಸರದಲ್ಲಿ ಪತ್ತೆಯಾಯಿತು. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಜೀವಗಳು ಈ ಜ್ವರಕ್ಕೆ ಬಲಿಯಾದುವು. ಸತ್ತವರಲ್ಲಿ ಹೆಚ್ಚಿನವರು ಬಡವರ ಮಕ್ಕಳು. ಬದುಕುಳಿದ ಕೆಲವರಲ್ಲಿ ಮುಖ ಭಾವಶೂನ್ಯವಾಗುವುದು, ದೇಹ ಸೆಟೆದುಕೊಳ್ಳುವುದು, ಕೈ ನಡುಗುವುದು ಕಂಡುಬರುತ್ತದೆ. ಸ್ಕ್ಯಾನ್ ಮಾಡಿದರೆ ಆ ಕಪ್ಪು ಭಾಗದಲ್ಲಿ ಗಾಯ ಕಾಣಿಸುವುದುಂಟು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಈ ತೊಂದರೆ ಜ್ವರದ ಬೆನ್ನಿಗೇ ಬರುತ್ತದೆ, ಅನೇಕರಲ್ಲಿ ಕಾಲಕ್ರಮೇಣ ಕಡಿಮೆಯೂ ಆಗುತ್ತದೆ. ಅಜ್ಜನಿಗೆ ಬರುವ ಪಾರ್ಕಿನ್ಸನ್ ರೋಗವಾದರೋ ಮೆಲ್ಲಮೆಲ್ಲನೆ ವರ್ಷಗಳುದ್ದಕ್ಕೂ ಬೆಳೆಯುತ್ತದೆ. ಲಕ್ಷಣಗಳಲ್ಲಿ ಹೋಲಿಕೆಯಿದ್ದರೂ ಎರಡೂ ಒಂದೇ ಅಲ್ಲ.

ಈಗ ಇತ್ತೀಚಿನ ಸಂಶೋಧನೆಗಳಿಗೆ ಬರೋಣ. ಡೆನ್ಮಾರ್ಕ್ ಪುಟ್ಟ ದೇಶ. ಅಲ್ಲಿ ಪ್ರತಿಯೊಬ್ಬ ಪ್ರಜೆಯ ಆಸ್ಪತ್ರೆ ದಾಖಲೆ ಭದ್ರವಾಗಿದೆ. 2000ದಿಂದ 2016ರ ನಡುವೆ ಪಾರ್ಕಿನ್ಸನ್ ರೋಗ ಪತ್ತೆಯಾದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ರೋಗವಿಲ್ಲದ ಐವತ್ತು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಇನ್‌ಫ್ಲುಯೆಂಜಾಕ್ಕಾಗಿ ಆಸ್ಪತ್ರೆಯ ದಾಖಲೆ ಸೇರಿದ್ದವರಲ್ಲಿ ಹತ್ತು ವರ್ಷಗಳ ಬಳಿಕ ಪಾರ್ಕಿನ್ಸನ್ ಬರುವ ಸಾಧ್ಯತೆ ಸುಮಾರು 1.7 ಪಟ್ಟು ಇತ್ತು. ಕೇಳಲು ದೊಡ್ಡದೆನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಅರುವತ್ತು ದಾಟಿದವರಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಿಗೆ ಈ ರೋಗವಿರುತ್ತದೆ. 1.7 ಪಟ್ಟು ಎಂದರೆ ನೂರಕ್ಕೆ ಇಬ್ಬರೂ ಆಗುವುದಿಲ್ಲ. ಉಳಿದ ತೊಂಬತ್ತೆಂಟು ಮಂದಿ ಕ್ಷೇಮವಾಗಿಯೇ ಇರುತ್ತಾರೆ. ಸುದ್ದಿಯ ತಲೆಬರಹ ಪಟ್ಟುಗಳನ್ನು ಹೇಳುತ್ತದೆ, ಈ ತೊಂಬತ್ತೆಂಟು ಮಂದಿಯನ್ನು ಹೇಳುವುದಿಲ್ಲ.

ಹೆಪಟೈಟಿಸ್ ಸಿ ವೈರಾಣುವಿನ ಮೇಲೂ ಸಂಶಯವಿದೆ. 2015ರಲ್ಲಿ ತೈವಾನ್‌ನಲ್ಲಿ, 2017ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದ ಅಧ್ಯಯನಗಳು ಈ ಸೋಂಕು ಇದ್ದವರಲ್ಲಿ ಪಾರ್ಕಿನ್ಸನ್ ತುಸು ಹೆಚ್ಚೆಂದು ಹೇಳಿದುವು. ಇನ್ನೂ ಗಮನಾರ್ಹವಾದುದು 2019ರ ತೈವಾನ್ ಅಧ್ಯಯನ. ಹೆಪಟೈಟಿಸ್ ಸಿಗೆ ವೈರಾಣುನಿರೋಧಕ ಚಿಕಿತ್ಸೆ ಪಡೆದವರಲ್ಲಿ ಪಡೆಯದವರಿಗಿಂತ ಪಾರ್ಕಿನ್ಸನ್ ಕಡಿಮೆಯಿತ್ತು.

ಸೋಂಕು ನರಕೋಶವನ್ನು ಕೊಲ್ಲುವುದಾದರೂ ಹೇಗೆ? 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಿಗೆ ಹಕ್ಕಿಜ್ವರದ ಎಚ್5ಎನ್1 ವೈರಾಣುವನ್ನು ತಗಲಿಸಿದಾಗ ಅದು ನರಗಳ ದಾರಿ ಹಿಡಿದು ಮೆದುಳನ್ನು ಸೇರಿತು. ವೈರಾಣು ಹೊರಟುಹೋದ ಮೇಲೂ ಉರಿಯೂತ ಉಳಿಯಿತು, ಡೋಪಮೈನ್ ಕೋಶಗಳು ಕಡಿಮೆಯಾದುವು. ಅಲ್ಲದೆ, ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಗಂಟುಕಟ್ಟಿಕೊಳ್ಳುವ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ಇಲ್ಲಿಯೂ ಗಂಟುಕಟ್ಟಿತು. ಈ ಪ್ರೋಟೀನು ಮೂಲತಃ ವೈರಾಣುವಿನ ವಿರುದ್ಧ ಕಾಯುವ ಕಾವಲುಗಾರನ ಕೆಲಸವನ್ನೂ ಮಾಡುತ್ತದೆ ಎಂಬ ಸೂಚನೆಗಳು ಇಲಿಗಳ ಮೇಲಿನ ಇನ್ನೊಂದು ಪ್ರಯೋಗದಿಂದ ದೊರೆತಿವೆ. ಕಾವಲುಗಾರ ಅತಿಯಾಗಿ ಜಮಾಯಿಸಿದಾಗ ಮನೆಯವರಿಗೇ ತೊಂದರೆಯಾಗುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಇದಕ್ಕೆ ಪೂರಕವಾದ ಒಂದು ವಾದವನ್ನು ಮುಂದಿಟ್ಟರು. ಈ ಪ್ರೋಟೀನಿನ ಗಂಟುಗಳು ಮೊದಲು ಮೂಗಿನ ವಾಸನೆಯ ನರಗಳಲ್ಲಿ ಮತ್ತು ಕರುಳಿನ ನರಗಳಲ್ಲಿ ಕಾಣಿಸಿಕೊಂಡು ಮೇಲಕ್ಕೆ ಏರುತ್ತವೆ. ಆದ್ದರಿಂದ ಹೊರಗಿನ ಯಾವುದೋ ರೋಗಾಣು ಈ ಎರಡು ಬಾಗಿಲುಗಳ ಮೂಲಕ ಒಳಬಂದಿರಬಹುದು ಎಂಬುದು ಅವರ ಊಹೆ. ಅನೇಕ ರೋಗಿಗಳಲ್ಲಿ ನಡುಕಕ್ಕಿಂತ ವರ್ಷಗಳ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಇರುತ್ತದೆ ಎಂಬುದು ನಿಜ. ಆದರೆ ಈ ಲಕ್ಷಣಗಳಿರುವ ಎಲ್ಲರಿಗೂ ಪಾರ್ಕಿನ್ಸನ್ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಆ ಮಗನನ್ನು ಹೆದರಿಸಿದ ಸುದ್ದಿ. 2025ರ ಜುಲೈಯಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಇಗೋರ್ ಕೊರಾಲ್ನಿಕ್ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ಪಾರ್ಕಿನ್ಸನ್‌ನಿಂದ ಬಳಲಿ ಮೃತಪಟ್ಟ ಹತ್ತು ಮಂದಿಯ ಮೆದುಳುಗಳಲ್ಲಿ ಐದರಲ್ಲಿ ಪೆಗಿವೈರಸ್ ಎಂಬ ವೈರಾಣು ಸಿಕ್ಕಿತು. ಆ ರೋಗವಿಲ್ಲದ ಹದಿನಾಲ್ಕು ಮಂದಿಯ ಮೆದುಳುಗಳಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ಇದು ನಿಜಕ್ಕೂ ಕುತೂಹಲಕರ. ಆದರೆ ಪೆಗಿವೈರಸ್ ಆರೋಗ್ಯವಂತರ ರಕ್ತದಲ್ಲೂ ಕಂಡುಬರುವ, ಈ ತನಕ ನಿರುಪದ್ರವಿ ಎಂದೇ ಎಣಿಸಲ್ಪಟ್ಟಿದ್ದ ವೈರಾಣು. ಅದು ಹರಡುವುದು ಮುಖ್ಯವಾಗಿ ರಕ್ತದ ಮೂಲಕ. ಉಳಿದ ಐದು ರೋಗಿಗಳಲ್ಲಿ ಅದು ಇರಲಿಲ್ಲವೆಂಬುದನ್ನೂ ಮರೆಯಬಾರದು. ವೈರಾಣು ಬಂದು ಮೆದುಳು ಕೆಟ್ಟಿತೇ ಅಥವಾ ಕೆಟ್ಟ ಮೆದುಳಿನಲ್ಲಿ ವೈರಾಣು ನೆಲೆಸಿತೇ? ಇಪ್ಪತ್ತನಾಲ್ಕು ಮೆದುಳುಗಳಿಂದ ಇದನ್ನು ತೀರ್ಮಾನಿಸಲು ಸಾಧ್ಯವಿಲ್ಲ. ಸಂಶೋಧಕರೇ ಅದನ್ನು ತೀರ್ಮಾನವೆಂದು ಘೋಷಿಸಲಿಲ್ಲ. ಘೋಷಿಸಿದ್ದು ನಮ್ಮ ಮೊಬೈಲುಗಳು.

ಹಾಗಾದರೆ ಇಂದು ನಾವು ಏನನ್ನು ನಂಬಬೇಕು? ಪಾರ್ಕಿನ್ಸನ್‌ಗೆ ಒಂದೇ ಬಾಗಿಲು ಇಲ್ಲ. ಕೆಲವು ಕುಟುಂಬಗಳಲ್ಲಿ ವಂಶವಾಹಿಯ ದೋಷವಿದೆ. ಪ್ಯಾರಾಕ್ವಾಟ್‌ನಂಥ ಕಳೆನಾಶಕದ ಒಡನಾಟವಿದ್ದವರಲ್ಲಿ ಅಪಾಯ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ತಲೆಗೆ ಪದೇ ಪದೇ ಬೀಳುವ ಪೆಟ್ಟಿನ ಮೇಲೂ ಸಂಶಯವಿದೆ. ಎಲ್ಲಕ್ಕಿಂತ ಮಿಗಿಲಾಗಿ ವಯಸ್ಸು ಇದೆ. ಕೆಲವರಲ್ಲಿ ಹಿಂದೆಂದೋ ಬಂದುಹೋದ ಸೋಂಕು ಇವುಗಳ ಜೊತೆ ಸೇರಿಕೊಂಡು ಕಿಡಿ ಹಚ್ಚಿರಬಹುದು. ಕಿಡಿ ಹಾರಿದ್ದು ಎಂದೋ, ಹೊಗೆ ಕಂಡದ್ದು ಇಂದು. ಹೀಗಿರುವಾಗ ಇಂದು ನಡುಗುವ ಕೈಯನ್ನು ಹಿಡಿದವರಿಗೆ ಆ ಕಿಡಿ ತಗಲುವುದು ಹೇಗೆ? ಪಾರ್ಕಿನ್ಸನ್ ಗುರುತಿಸಲ್ಪಟ್ಟು ಇನ್ನೂರು ವರ್ಷಗಳು ಮೀರಿವೆ. ಅಷ್ಟು ಕಾಲವೂ ಪತ್ನಿಯರು, ಮಕ್ಕಳು, ದಾದಿಯರು ಈ ರೋಗಿಗಳಿಗೆ ಉಣಿಸಿದ್ದಾರೆ, ಸ್ನಾನ ಮಾಡಿಸಿದ್ದಾರೆ, ಪಕ್ಕದಲ್ಲೇ ಮಲಗಿದ್ದಾರೆ. ಅದರಿಂದ ರೋಗ ಹರಡಿದ ಉದಾಹರಣೆ ವೈದ್ಯಶಾಸ್ತ್ರದ ಮುಂದಿಲ್ಲ. ಪಾರ್ಕಿನ್ಸನ್ ಅಂಟುರೋಗವಲ್ಲ. ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ, ನೆರೆಹೊರೆಯವರಿಗೂ ತಿಳಿಸಿ.

ಇನ್ನು ನಾವು ಮಾಡಬೇಕಾದುದು. ಮೊದಲನೆಯದಾಗಿ, ವೈರಸ್ ಸುದ್ದಿ ಕೇಳಿ ಯಾರೂ ವೈರಾಣುನಾಶಕ ಮಾತ್ರೆಗಳನ್ನು ಖರೀದಿಸಬೇಡಿ. ಪಾರ್ಕಿನ್ಸನ್ ಅನ್ನು ಗುಣಪಡಿಸುವ ವೈರಾಣುನಾಶಕ ಇಂದು ಇಲ್ಲ. ವೈದ್ಯರು ಬರೆದ ಲೆವೊಡೋಪಾ ಮಾತ್ರೆಯನ್ನು ಗಂಟೆ ತಪ್ಪದೆ ನೀಡಿ, ತಾವಾಗಿಯೇ ನಿಲ್ಲಿಸಬೇಡಿ. ರಮಝಾನ್‌ನಲ್ಲಿ ಮಾತ್ರೆಯ ಸಮಯ ಬದಲಿಸಬೇಕೆಂದಾದರೆ ಮೊದಲು ವೈದ್ಯರೊಡನೆ ಮಾತನಾಡಿ.

ಎರಡನೆಯದಾಗಿ, ತಡೆಯಬಹುದಾದ ಸೋಂಕುಗಳನ್ನು ತಡೆಯಿರಿ. ಜಪಾನೀಸ್ ಎನ್ಸೆಫಲೈಟಿಸ್‌ಗೆ ಲಸಿಕೆಯಿದೆ. ಕೋಲಾರದಲ್ಲಿ ಬೇರ್ಪಡಿಸಲಾದ ವೈರಾಣು ತಳಿಯಿಂದಲೇ ತಯಾರಾದ ಭಾರತೀಯ ಲಸಿಕೆ 2013ರಲ್ಲಿ ಬಂತು. 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ ಸೇರಿದಂತೆ ರಾಜ್ಯದ ಹತ್ತು ಜಿಲ್ಲೆಗಳಲ್ಲಿ ಮಕ್ಕಳಿಗೆ ಈ ಜ್ವರದ ವಿರುದ್ಧ ಲಸಿಕಾ ಅಭಿಯಾನ ನಡೆಯಿತು. ಲಸಿಕೆಯ ಬಗ್ಗೆ ಹರಡುವ ಗಾಳಿಮಾತುಗಳಿಗೆ ಕಿವಿಗೊಟ್ಟು ಮಕ್ಕಳನ್ನು ಅಡಗಿಸಿಡಬೇಡಿ. ವಯಸ್ಸಾದವರಿಗೆ ಫ್ಲೂ ಲಸಿಕೆ ಕೊಡಿಸುವ ಬಗ್ಗೆ ವೈದ್ಯರನ್ನು ಕೇಳಿ. ಅದು ಪಾರ್ಕಿನ್ಸನ್ ಅನ್ನು ತಡೆಯುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಪಾರ್ಕಿನ್ಸನ್ ಇರುವವರ ಜೀವಕ್ಕೆ ಎರವಾಗುವುದು ಹೆಚ್ಚಾಗಿ ನ್ಯುಮೋನಿಯಾ. ಫ್ಲೂ ತಡೆದರೆ ಆ ಅಪಾಯ ತಗ್ಗುತ್ತದೆ. ಹೆಪಟೈಟಿಸ್ ಬಿ ಮತ್ತು ಸಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಪರೀಕ್ಷೆ, ಚಿಕಿತ್ಸೆಯಿದೆ. ಯಕೃತ್ತಿನ ರಕ್ಷಣೆಗಾಗಿಯೇ ಅದನ್ನು ಪಡೆಯಬೇಕು. ಮೆದುಳಿಗೂ ಲಾಭವಾದರೆ ಸಂತೋಷ.

ಮೂರನೆಯದು ಸರಕಾರದ ಹೊಣೆ. ನರರೋಗ ತಜ್ಞರು ದೊಡ್ಡ ನಗರಗಳಲ್ಲೇ ಕೇಂದ್ರೀಕೃತರಾಗಿದ್ದಾರೆ. ಸಣ್ಣ ಪಟ್ಟಣದ ರೋಗಿ ಕೈ ನಡುಗುವುದನ್ನು ಮುಪ್ಪಿನ ಲಕ್ಷಣವೆಂದೇ ಭಾವಿಸಿ ವರ್ಷಗಳನ್ನು ಕಳೆಯುತ್ತಾನೆ. ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆಯಾದರೂ ತಜ್ಞರ ಸೇವೆ, ಔಷಧದ ನಿರಂತರ ಪೂರೈಕೆ, ಚರಂಡಿ ಮತ್ತು ನಿಂತ ನೀರಿನ ನಿರ್ವಹಣೆ — ಇವುಗಳನ್ನು ಕೇಳುವುದು ನಮ್ಮ ಹಕ್ಕು. ಚುನಾವಣೆಯ ಕಾಲದಲ್ಲಿ ಮನೆ ಬಾಗಿಲಿಗೆ ಬರುವವರೊಡನೆ ಇದನ್ನೂ ಕೇಳಬೇಡವೇ?

ಕೊನೆಯದಾಗಿ, ನಾಚಿಕೆಯನ್ನು ಬಿಡಿ. ಮುಹಮ್ಮದ್ ಅಲಿಯವರಲ್ಲಿ ಈ ರೋಗ ಪತ್ತೆಯಾದದ್ದು 1984ರಲ್ಲಿ, ಕೇವಲ ನಲ್ವತ್ತೆರಡನೇ ವಯಸ್ಸಿನಲ್ಲಿ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿಯನ್ನು ಅವರು ನಡುಗುವ ಕೈಯಲ್ಲೇ ಹಿಡಿದು ಬೆಳಗಿಸಿದಾಗ ಜಗತ್ತು ಅದನ್ನು ಕಣ್ತುಂಬ ನೋಡಿತು. 2016ರಲ್ಲಿ ನಿಧನರಾಗುವವರೆಗೆ ಮೂವತ್ತೆರಡು ವರ್ಷ ಅವರು ರೋಗದೊಂದಿಗೆ ಬದುಕಿದರು. ನಮ್ಮ ಮನೆಯ ಹಿರಿಯರೇಕೆ ನೆಂಟರಿಷ್ಟರು ಬಂದಾಗ ಕೋಣೆಯೊಳಗೆ ಕೈಯನ್ನು ಬಟ್ಟೆಯಡಿ ಅಡಗಿಸಿ ಕುಳಿತಿರಬೇಕು?

ಆ ದಿನ ಮಗ ಔಷಧ ತೆಗೆದುಕೊಂಡು ಮರಳಿದಾಗ ನಾನು ಆತನನ್ನು ಕುಳ್ಳಿರಿಸಿ ಇದನ್ನೆಲ್ಲ ಹೇಳಿದೆ. ಆತ ಸ್ವಲ್ಪ ಹೊತ್ತು ತಲೆತಗ್ಗಿಸಿ ಮೌನವಾಗಿದ್ದ. ಬಳಿಕ ತಂದೆಯ ಕೈ ಹಿಡಿದುಕೊಂಡು ಎಬ್ಬಿಸಿದ. ಮುಂದಿನ ಬಾರಿ ಅವರು ಪರೀಕ್ಷೆಗೆ ಬಂದಾಗ ಜೊತೆಯಲ್ಲಿ ಮೊಮ್ಮಗನೂ ಇದ್ದ. ಅಜ್ಜನ ಮಡಿಲಲ್ಲಿ ಕುಳಿತು, ನಡುಗುವ ಬೆರಳುಗಳನ್ನು ತನ್ನ ಪುಟ್ಟ ಕೈಯಲ್ಲಿ ಹಿಡಿದು ನಿಲ್ಲಿಸಲು ನೋಡುತ್ತಿದ್ದ. ನಡುಕ ನಿಲ್ಲಲಿಲ್ಲ. ಆದರೆ ಆ ಹಿರಿಯರು ನಗುತ್ತಿದ್ದರು.

ನಿಮ್ಮ ಮನೆಗಳಲ್ಲಿ ಇಂಥ ಹಿರಿಯರಿದ್ದರೆ ಇಂದೇ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಒಟ್ಟಿಗೆ ಊಟ ಮಾಡಿ.